ಒಂದೇ ಒಲೆಯಲ್ಲಿ ಪ್ಯಾಲಿಯೋ: ಅನ್ನ, ಮುದ್ದೆ ಉಣ್ಣುವ ಮನೆಯಲ್ಲಿ ಅಡುಗೆ ಹೊಂದಿಸಿಕೊಳ್ಳುವ ಬಗೆ

ಮನೆಯಲ್ಲಿ ಒಬ್ಬರು ಇನ್ನು ಮುಂದೆ ಪ್ಯಾಲಿಯೋ ಊಟ, ಅಂದರೆ ಧಾನ್ಯ, ಬೇಳೆ, ಹಾಲು ಬಿಟ್ಟು ಮಾಂಸ, ಮೀನು, ಮೊಟ್ಟೆ, ತರಕಾರಿ, ಹಣ್ಣುಗಳ ಊಟ ಮಾಡುತ್ತೇನೆಂದು ತೀರ್ಮಾನಿಸಿದರೆ, ಆ ತೀರ್ಮಾನದ ಭಾರವೆಲ್ಲ ಬೀಳುವುದು ಒಲೆಯ ಮುಂದೆ ನಿಲ್ಲುವವರ ಮೇಲೆ. ಮೂರು ವರ್ಷಗಳ ಹಿಂದೆ ನಮ್ಮ ಯಜಮಾನರು ಈ ಪದ್ಧತಿಗೆ ಬದಲಾದಾಗ ಮೊದಲ ಹದಿನೈದು ದಿನ ನಾನು ದಿನಕ್ಕೆ ಎರಡೆರಡು ಅಡುಗೆ ಮಾಡಿದೆ. ಅತ್ತೆಯವರಿಗೆ ರಾಗಿಮುದ್ದೆ, ಬಸ್ಸಾರು. ಮಕ್ಕಳಿಗೆ ಅನ್ನ, ತಿಳಿಸಾರು, ಮೊಸರು. ಯಜಮಾನರಿಗೆ ಅಂತರ್ಜಾಲದಲ್ಲಿ ನೋಡಿ ಕಲಿತ ಬ್ರೊಕೊಲಿ, ಅವಕಾಡೊ, ಆಲಿವ್ ಎಣ್ಣೆಯ ತಟ್ಟೆ. ಖರ್ಚು ಏರಿತು, ತೊಳೆಯುವ ಪಾತ್ರೆ ಏರಿತು. ಎಲ್ಲಕ್ಕಿಂತ ನೋವಾದದ್ದು, ಎಲ್ಲರೂ ಒಟ್ಟಿಗೆ ಕುಳಿತು ಒಂದೇ ಸಾರನ್ನು ಬಡಿಸಿಕೊಂಡು ಉಣ್ಣುವುದು ನಿಂತುಹೋದದ್ದು.

ಆಮೇಲೆ ನಿಧಾನವಾಗಿ ತಿಳಿದ ಸಂಗತಿ ಇಷ್ಟೆ. ನಮ್ಮ ಕಡೆಯ ಮಾಂಸದ ಸಾರು, ಮೀನಿನ ಹುಳಿ, ಸೊಪ್ಪು ತರಕಾರಿಯ ಪಲ್ಯಗಳಲ್ಲಿ ಬಹುಪಾಲು ಈಗಾಗಲೇ ಈ ಪದ್ಧತಿಗೆ ಒಗ್ಗುವಂಥವೇ ಆಗಿವೆ. ಬದಲಾಗಬೇಕಾದದ್ದು ತಟ್ಟೆಯ ನಡುವೆ ಕೂರುವ ಅನ್ನ, ಮುದ್ದೆ, ರೊಟ್ಟಿ ಮತ್ತು ಮಸಾಲೆಯೊಳಗೆ ಕಣ್ಣಿಗೆ ಕಾಣದಂತೆ ಸೇರಿರುವ ಬೇಳೆ, ಹಿಟ್ಟು. ಇಷ್ಟನ್ನು ಹಿಡಿದುಕೊಂಡರೆ ಒಂದೇ ಅಡುಗೆಯಲ್ಲಿ ಎಲ್ಲರಿಗೂ ಊಟ ಬಡಿಸಬಹುದು. ಅದನ್ನು ಹೇಗೆ ಸಾಧಿಸುವುದೆಂಬುದನ್ನು, ನಮ್ಮ ಮನೆಯಲ್ಲಿ ನಿಂತಿರುವ ಕ್ರಮವನ್ನೇ ಇಟ್ಟುಕೊಂಡು, ಮುಂದೆ ಹಂತಹಂತವಾಗಿ ವಿವರಿಸಿದ್ದೇನೆ.

ಈ ಪದ್ಧತಿ ಏನು ಹೇಳುತ್ತದೆ

ಪ್ಯಾಲಿಯೋ ಎಂದರೆ ಹಳೆ ಶಿಲಾಯುಗ. ಬೇಸಾಯ ಆರಂಭವಾಗಿ ಸುಮಾರು 10,000 ವರ್ಷಗಳಾಗಿವೆ. ಅದಕ್ಕೂ ಹಿಂದೆ ಮನುಷ್ಯ ಬೇಟೆಯಾಡಿ, ಗೆಡ್ಡೆ ಅಗೆದು, ಹಣ್ಣು ಕಾಯಿ ಕೂಡಿಹಾಕಿ ತಿನ್ನುತ್ತಿದ್ದ ಲಕ್ಷಾಂತರ ವರ್ಷಗಳ ಆಹಾರಕ್ಕೆ ನಮ್ಮ ದೇಹ ಹೊಂದಿಕೊಂಡಿದೆ ಎಂಬುದು ಈ ಪದ್ಧತಿಯ ಮೂಲ ವಾದ. 1985ರಲ್ಲಿ ಅಮೆರಿಕದ ಬಾಯ್ಡ್ ಈಟನ್ ಮತ್ತು ಮೆಲ್ವಿನ್ ಕಾನರ್ ಒಂದು ವೈದ್ಯಕೀಯ ಪತ್ರಿಕೆಯಲ್ಲಿ ಬರೆದ ಲೇಖನದಿಂದ ಈ ವಿಚಾರಕ್ಕೆ ವಿದ್ವತ್ ವಲಯದಲ್ಲಿ ಗಮನ ಸಿಕ್ಕಿತು. 2002ರಲ್ಲಿ ಲೋರೆನ್ ಕಾರ್ಡೇನ್ ಅವರ ಪುಸ್ತಕ ಬಂದ ಮೇಲೆ ಅದು ಮನೆಮನೆಯ ಮಾತಾಯಿತು.

ಮಾಂಸ, ಮೀನು, ಮೊಟ್ಟೆ, ತರಕಾರಿ, ಸೊಪ್ಪು, ಹಣ್ಣು, ಗೆಡ್ಡೆ, ಬಾದಾಮಿ ಗೋಡಂಬಿಯಂಥ ಒಣಬೀಜ ಮತ್ತು ತೆಂಗಿನಕಾಯಿ ಇದರಲ್ಲಿ ಸಲ್ಲುತ್ತವೆ. ಅಕ್ಕಿ, ರಾಗಿ, ಜೋಳ, ಗೋಧಿ, ಸಿರಿಧಾನ್ಯ, ಎಲ್ಲ ಬೇಳೆಕಾಳು, ಹಾಲು ಮೊಸರು, ಸಕ್ಕರೆ, ಸಂಸ್ಕರಿಸಿದ ಬೀಜದೆಣ್ಣೆ ಮತ್ತು ಪೊಟ್ಟಣದ ತಿಂಡಿಗಳು ಸಲ್ಲುವುದಿಲ್ಲ. ಕಡಲೆಕಾಯಿಯನ್ನು ಒಣಬೀಜಗಳ ಜೊತೆ ಸೇರಿಸಿ ತಿನ್ನುವುದು ನಮ್ಮ ರೂಢಿ. ಆದರೆ ಅದು ದ್ವಿದಳ ಕಾಳಾದ್ದರಿಂದ ಅದೂ, ಅದರ ಎಣ್ಣೆಯೂ ಹೊರಗುಳಿಯುತ್ತವೆ. ಹಸಿ ಹುರುಳಿಕಾಯಿ ಅಂದರೆ ಬೀನ್ಸ್, ಚಪ್ಪರದವರೆಕಾಯಿಗಳನ್ನು ಹೆಚ್ಚಿನವರು ತರಕಾರಿಯೆಂದೇ ಒಪ್ಪುತ್ತಾರೆ. ಆಲೂಗೆಡ್ಡೆ ಮತ್ತು ತುಪ್ಪದ ವಿಷಯದಲ್ಲಿ ಪಾಲಿಸುವವರಲ್ಲೇ ಭಿನ್ನಾಭಿಪ್ರಾಯವಿದೆ. ತುಪ್ಪದಲ್ಲಿ ಹಾಲಿನ ಪ್ರೋಟೀನು ಮತ್ತು ಸಕ್ಕರೆಯ ಅಂಶ ಹೆಚ್ಚುಕಡಿಮೆ ಉಳಿಯುವುದೇ ಇಲ್ಲವಾದ್ದರಿಂದ ನಮ್ಮ ಮನೆಯಲ್ಲಿ ಅದನ್ನು ಇಟ್ಟುಕೊಂಡಿದ್ದೇವೆ.

ಇತಿಹಾಸದ ವಾದವನ್ನು ಅಕ್ಷರಶಃ ನಂಬಿ ಕೂರಬೇಕಾಗಿಲ್ಲ ಎಂದು ನಾನು ಎಲ್ಲರಿಗೂ ಹೇಳುತ್ತೇನೆ. ಇಸ್ರೇಲಿನ ಓಹಾಲೋ ಎಂಬಲ್ಲಿ ಸುಮಾರು 23,000 ವರ್ಷಗಳ ಹಿಂದೆಯೇ ಜನ ಕಾಡು ಬಾರ್ಲಿ, ಕಾಡು ಗೋಧಿಯನ್ನು ಕೂಡಿಹಾಕುತ್ತಿದ್ದುದಕ್ಕೆ ಕುರುಹು ಸಿಕ್ಕಿದೆ. ನಮ್ಮ ಯಾದಗಿರಿ ಜಿಲ್ಲೆಯ ಹುಣಸಗಿ ಕಣಿವೆಯ ಇಸಾಂಪುರದಲ್ಲಿ ಕಲ್ಲಿನ ಕೈಗೊಡಲಿಗಳನ್ನು ಮಾಡುತ್ತಿದ್ದ ಸುಮಾರು 12 ಲಕ್ಷ ವರ್ಷ ಹಳೆಯ ತಾಣವನ್ನು ಪುರಾತತ್ವಜ್ಞ ಕೆ. ಪದ್ದಯ್ಯ ಅವರ ತಂಡ ಅಗೆದು ತೆಗೆದಿದೆ. ಅದೇ ನೆಲದ ಬಳ್ಳಾರಿ ಸೀಮೆಯ ಸಂಗನಕಲ್ಲಿನಲ್ಲಿ ನವಶಿಲಾಯುಗದ ಜನ ಹುರುಳಿ, ಹೆಸರು, ಕೊರಲೆ ಬೆಳೆದು ತಿನ್ನುತ್ತಿದ್ದರು. ಅಂದರೆ ಮನುಷ್ಯ ಆಯಾ ಕಾಲದಲ್ಲಿ, ಆಯಾ ನೆಲದಲ್ಲಿ ದೊರೆತದ್ದನ್ನು ತಿಂದು ಬಂದಿದ್ದಾನೆ. ಪ್ಯಾಲಿಯೋದಿಂದ ಇಂದು ದೊರೆಯುವ ಲಾಭ ಬಹುಪಾಲು ಸಕ್ಕರೆ, ಮೈದಾ, ಕರಿದ ತಿಂಡಿ ಬಿಟ್ಟು ತರಕಾರಿ ಹೆಚ್ಚು ತಿನ್ನುವುದರಿಂದಲೇ ಬರುತ್ತದೆ ಎಂಬುದು ನನ್ನ ಅಭಿಪ್ರಾಯ. ಕೆಲವು ತಿಂಗಳ ಅವಧಿಯ ಅಧ್ಯಯನಗಳಲ್ಲಿ ತೂಕ ಮತ್ತು ಸೊಂಟದ ಸುತ್ತಳತೆ ಇಳಿದದ್ದು ಕಂಡಿದೆ. ಹಲವು ವರ್ಷಗಳ ಉದ್ದಕ್ಕೂ ನಡೆದ ಅಧ್ಯಯನಗಳು ಕಡಿಮೆ.

ಮೊದಲ ಹಂತ: ಯಾರು ಪಾಲಿಸಬೇಕು, ಯಾರು ಬೇಡ

ಅಡುಗೆಮನೆಗೆ ಕೈ ಹಾಕುವ ಮೊದಲು ಇದು ನಿರ್ಧಾರವಾಗಬೇಕು. ಬೆಳೆಯುವ ಮಕ್ಕಳಿಗೆ, ಬಸುರಿ ಬಾಣಂತಿಯರಿಗೆ, ಹಲ್ಲು ಮತ್ತು ಹಸಿವು ಎರಡೂ ಕಡಿಮೆಯಾಗಿರುವ ಹಿರಿಯರಿಗೆ ಧಾನ್ಯ, ಬೇಳೆ, ಹಾಲುಗಳನ್ನು ಒಟ್ಟಿಗೆ ತಪ್ಪಿಸುವುದಕ್ಕೆ ನಾನು ಒಪ್ಪುವುದಿಲ್ಲ. ಅವರು ತಮ್ಮ ಮುದ್ದೆ, ಅನ್ನ, ಮೊಸರು ಉಣ್ಣಲಿ; ಜೊತೆಗೆ ಮನೆಯಲ್ಲಿ ತರಕಾರಿ, ಮೊಟ್ಟೆ, ಮೀನು ಹೆಚ್ಚಿದ ಪ್ರಯೋಜನ ಅವರಿಗೂ ಸಿಗಲಿ.

ಮಧುಮೇಹಕ್ಕೆ ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್‌ನಂಥ ಮಾತ್ರೆ ತೆಗೆದುಕೊಳ್ಳುವವರು ವೈದ್ಯರಿಗೆ ತಿಳಿಸದೆ ಅನ್ನ ಬಿಟ್ಟರೆ ರಕ್ತದ ಸಕ್ಕರೆ ಅಪಾಯಕಾರಿಯಾಗಿ ಇಳಿಯಬಹುದು, ಏಕೆಂದರೆ ಔಷಧದ ಪ್ರಮಾಣವನ್ನು ಹಳೆಯ ಊಟಕ್ಕೆ ಸರಿಯಾಗಿ ಗೊತ್ತು ಮಾಡಿರುತ್ತಾರೆ. ಡಾಪಾಗ್ಲಿಫ್ಲೋಜಿನ್ ಗುಂಪಿನ ಮಾತ್ರೆ ನುಂಗುವವರಲ್ಲಿ ಪಿಷ್ಟ ತೀರಾ ಕಡಿಮೆಯಾದರೆ ರಕ್ತದಲ್ಲಿ ಆಮ್ಲ ಏರುವ ಬೇರೆಯದೇ ಅಪಾಯವಿದೆ. ರಕ್ತ ತೆಳುವಾಗಲು ವಾರ್ಫರಿನ್ ತೆಗೆದುಕೊಳ್ಳುವವರು ಸೊಪ್ಪಿನ ಪ್ರಮಾಣವನ್ನು ಒಮ್ಮೆಲೇ ಹೆಚ್ಚಿಸಬಾರದು, ಸೊಪ್ಪಿನಲ್ಲಿರುವ ಕೆ ಜೀವಸತ್ವ ಆ ಮಾತ್ರೆಯ ಕೆಲಸವನ್ನು ತಗ್ಗಿಸುತ್ತದೆ. ಮೂತ್ರಪಿಂಡದ ತೊಂದರೆ ಇರುವವರು, ಯೂರಿಕ್ ಆಮ್ಲ ಹೆಚ್ಚಿರುವವರು ಮಾಂಸದ ಪ್ರಮಾಣವನ್ನು ತಾವೇ ನಿರ್ಧರಿಸದೆ ವೈದ್ಯರನ್ನು ಕೇಳಬೇಕು. ಈ ಮಾತನ್ನು ಕೊನೆಯಲ್ಲಿ ಸಣ್ಣದಾಗಿ ಸೇರಿಸುವ ರೂಢಿಯಿದೆ. ಇದನ್ನು ತಿಳಿಯದೆ ಆರಂಭಿಸಿ ಆಸ್ಪತ್ರೆ ಸೇರಿದವರೊಬ್ಬರನ್ನು ನಮ್ಮ ಬಳಗದಲ್ಲೇ ಕಂಡಿರುವುದರಿಂದ ನಾನು ಮೊದಲಿಗೇ ಹೇಳುತ್ತಿದ್ದೇನೆ.

ಪೂರ್ಣ ಸಸ್ಯಾಹಾರಿ ಮನೆಗಳಿಗೂ ಒಂದು ಮಾತು. ಬೇಳೆ, ಕಾಳು, ಹಾಲು, ಮೊಸರು ಎಲ್ಲವನ್ನೂ ಬಿಟ್ಟರೆ ಸಸ್ಯಾಹಾರಿಗೆ ಪ್ರೋಟೀನು ದೊರೆಯುವ ದಾರಿಗಳು ಬಹುಮಟ್ಟಿಗೆ ಮುಚ್ಚಿಹೋಗುತ್ತವೆ. ಮೊಟ್ಟೆಯನ್ನೂ ತಿನ್ನದವರು ಈ ಪದ್ಧತಿಯನ್ನು ಪೂರ್ತಿಯಾಗಿ ಹಿಡಿಯಬಾರದು. ಸಕ್ಕರೆ, ಮೈದಾ ಬಿಟ್ಟು, ಅನ್ನವನ್ನು ಅರ್ಧಕ್ಕಿಳಿಸಿ, ತರಕಾರಿಯನ್ನು ಇಮ್ಮಡಿಸಿ, ಬೇಳೆ ಮೊಸರುಗಳನ್ನು ಉಳಿಸಿಕೊಂಡರೆ ಅವರಿಗೆ ಅಷ್ಟು ಸಾಕು.

ಎರಡನೆಯ ಹಂತ: ಡಬ್ಬಿಗಳನ್ನು ತೆರೆದು ನೋಡುವುದು

ಒಂದು ಮಧ್ಯಾಹ್ನ ಬಿಡುವು ಮಾಡಿಕೊಂಡು ಮಸಾಲೆ ಡಬ್ಬಿಗಳನ್ನೆಲ್ಲ ಕೆಳಗಿಳಿಸಿ. ಸಾಂಬಾರ್ ಪುಡಿ, ಹುಳಿಪುಡಿಗಳಲ್ಲಿ ಕಡಲೆಬೇಳೆ, ಉದ್ದಿನಬೇಳೆ ಇರುತ್ತವೆ. ಚಟ್ನಿಪುಡಿಯಂತೂ ಬೇಳೆಯದೇ. ಅಂಗಡಿಯ ಇಂಗಿನ ಪುಡಿಯಲ್ಲಿ ಗೋಧಿಹಿಟ್ಟೋ ಅಕ್ಕಿಹಿಟ್ಟೋ ಬೆರೆತಿರುವುದು ಸಾಮಾನ್ಯ, ಪೊಟ್ಟಣದ ಹಿಂದೆ ಓದಿದರೆ ತಿಳಿಯುತ್ತದೆ. ಒಗ್ಗರಣೆಗೆ ಕೈ ತಾನಾಗಿ ಉದ್ದಿನಬೇಳೆಯ ಡಬ್ಬಿಯತ್ತ ಹೋಗುತ್ತದೆ. ಅದರ ಬದಲು ಸಾಸಿವೆ, ಜೀರಿಗೆ, ಕರಿಬೇವು, ಮುರಿದ ಬ್ಯಾಡಗಿ ಮೆಣಸಿನಕಾಯಿಗಳ ಒಗ್ಗರಣೆ ಹಾಕುವುದನ್ನು ರೂಢಿಸಿಕೊಂಡರೆ ಇಡೀ ಮನೆಗೆ ಒಂದೇ ಒಗ್ಗರಣೆ ಸಾಲುತ್ತದೆ.

ಬೇಳೆಯಿಲ್ಲದ ಹುಳಿಪುಡಿಯನ್ನು ಮನೆಯಲ್ಲಿಯೇ ಮಾಡಿಕೊಳ್ಳುವುದು ಸುಲಭ. ಒಂದು ಬಟ್ಟಲು ಕೊತ್ತಂಬರಿ ಬೀಜ, 20ರಿಂದ 25 ಬ್ಯಾಡಗಿ ಮೆಣಸಿನಕಾಯಿ, ಎರಡು ಚಮಚ ಜೀರಿಗೆ, ಒಂದು ಚಮಚ ಕಾಳುಮೆಣಸು, ಅರ್ಧ ಚಮಚ ಮೆಂತ್ಯ, ಒಂದು ಚೂರು ಚಕ್ಕೆ, ಒಂದು ಹಿಡಿ ಕರಿಬೇವು ತೆಗೆದುಕೊಂಡು ಒಂದೊಂದನ್ನೂ ಬೇರೆಬೇರೆಯಾಗಿ ಸಣ್ಣ ಉರಿಯಲ್ಲಿ ಹುರಿದು, ಪೂರ್ತಿ ಆರಿದ ಮೇಲೆ ಪುಡಿ ಮಾಡಿ. ಮೆಂತ್ಯ ಸಸ್ಯಶಾಸ್ತ್ರದ ಪ್ರಕಾರ ದ್ವಿದಳ ಜಾತಿಯದೇ, ಹುಣಸೆಯೂ ಅದೇ ಕುಲದ ಮರ. ಆದರೆ ಒಂದನ್ನು ಚಿಟಿಕೆಯಷ್ಟು ಸಂಬಾರ ಪದಾರ್ಥವಾಗಿ, ಇನ್ನೊಂದನ್ನು ಹಣ್ಣಾಗಿ ಬಳಸುವುದರಿಂದ ಅವನ್ನು ಬಿಡಬೇಕಾಗಿಲ್ಲ. ಬೇಳೆ ಇಲ್ಲದ್ದರಿಂದ ಸಾರು ಸ್ವಲ್ಪ ನೀರಾಗುತ್ತದೆ. ಕುದಿಯುವಾಗ ಎರಡು ಚಮಚ ಒಣಕೊಬ್ಬರಿ ತುರಿಯನ್ನೋ ಹುರಿದ ಎಳ್ಳಿನ ಪುಡಿಯನ್ನೋ ಸೇರಿಸಿದರೆ ಮಂದವಾಗುತ್ತದೆ.

ಎಣ್ಣೆಗೆ ಕೊಬ್ಬರಿ ಎಣ್ಣೆ ಮತ್ತು ತುಪ್ಪ ಸಾಕು, ಅವನ್ನೂ ಅಳತೆಯಲ್ಲೇ ಬಳಸಬೇಕು. ಎರಡರಲ್ಲೂ ಗಟ್ಟಿಕೊಬ್ಬಿನ ಅಂಶ ಹೆಚ್ಚಿರುವುದರಿಂದ ಕೊಲೆಸ್ಟರಾಲ್ ತೊಂದರೆ ಇರುವವರು ಆರಂಭಿಸುವ ಮುನ್ನ ಒಮ್ಮೆ, ಮೂರು ತಿಂಗಳ ನಂತರ ಒಮ್ಮೆ ರಕ್ತ ಪರೀಕ್ಷೆ ಮಾಡಿಸಿಕೊಳ್ಳುವುದು ಒಳ್ಳೆಯದು. ಉಪ್ಪಿನ ವಿಷಯದಲ್ಲಿ ಸೈಂಧವ ಲವಣಕ್ಕೆ ಬದಲಾಗಬೇಕೆಂದು ಹೇಳುವವರು ಅನೇಕರಿದ್ದಾರೆ. ನಾನು ಅಯೋಡಿನ್ ಸೇರಿದ ಮಾಮೂಲಿ ಉಪ್ಪನ್ನೇ ಬಳಸುತ್ತೇನೆ, ಏಕೆಂದರೆ ನಮ್ಮ ದಿನನಿತ್ಯದ ಊಟದಲ್ಲಿ ಅಯೋಡಿನ್ನಿಗೆ ಅದೇ ಮುಖ್ಯ ಮೂಲ.

ಮೂರನೆಯ ಹಂತ: ಪಾತ್ರೆ ಒಂದೇ, ಬೇರೆಯಾಗುವುದು ಕೊನೆಯಲ್ಲಿ

ಇಡೀ ಪದ್ಧತಿಯ ಕೀಲಿ ಇರುವುದು ಇಲ್ಲಿ. ಯಾವ ಅಡುಗೆಯನ್ನು ಮಾಡಿದರೂ ಎಲ್ಲರಿಗೂ ಸಲ್ಲುವ ಹಂತದವರೆಗೆ ಒಟ್ಟಿಗೆ ಮಾಡಿ, ಬೇಳೆ ಅಥವಾ ಹಿಟ್ಟು ಸೇರುವ ಹಂತ ಬಂದಾಗ ಒಬ್ಬರ ಪಾಲನ್ನು ತೆಗೆದಿರಿಸಿ ಮುಂದುವರಿಯಬೇಕು.

ಮಸ್ಸೊಪ್ಪನ್ನೇ ನೋಡಿ. ಸಾಮಾನ್ಯವಾಗಿ ಸೊಪ್ಪು, ತೊಗರಿಬೇಳೆ, ಟೊಮೆಟೊ, ಹಸಿಮೆಣಸಿನಕಾಯಿಗಳನ್ನು ಒಟ್ಟಿಗೆ ಬೇಯಿಸಿ ಮಸೆಯುತ್ತೇವೆ. ನಾನು ಈಗ ಬೇಳೆಯನ್ನು ಕುಕ್ಕರಿನ ಮೇಲಿನ ಬಟ್ಟಲಲ್ಲಿ ಬೇರೆಯಾಗಿ ಬೇಯಲು ಇಟ್ಟು, ಕೆಳಗಿನ ಪಾತ್ರೆಯಲ್ಲಿ ಸೊಪ್ಪಿನ ಜೊತೆ ಅಂಗೈಯಗಲದ ಒಂದು ತುಂಡು ಸಿಹಿಗುಂಬಳವನ್ನು ಹಾಕುತ್ತೇನೆ. ಗುಂಬಳ ಸೊಪ್ಪಿನೊಂದಿಗೆ ಮಸೆದು ಬೇಳೆಯಷ್ಟೇ ಮಂದ ಕೊಡುತ್ತದೆ. ಯಜಮಾನರಿಗೆ ಎರಡು ಸೌಟು ತೆಗೆದಿಟ್ಟು, ಉಳಿದದ್ದಕ್ಕೆ ಬೆಂದ ಬೇಳೆ ಸೇರಿಸಿ, ಎರಡಕ್ಕೂ ಒಂದೇ ಬೆಳ್ಳುಳ್ಳಿ ಒಗ್ಗರಣೆ ಹಾಕಿದರೆ ಮುಗಿಯಿತು. ಬಸ್ಸಾರಿಗೂ ಹೀಗೆಯೇ: ಸೊಪ್ಪು ಬಸಿದ ಕಟ್ಟು ಎಲ್ಲರಿಗೂ ಒಂದೇ, ಕಾಳು ಬಸಿದ ಕಟ್ಟು ಬೇರೆ.

ಕರಾವಳಿಯ ಅಡುಗೆ ಕಲಿತವರಿಗೆ ಕೆಲಸ ಇನ್ನೂ ಹಗುರ. ಕೋರಿ ಗಸಿಯಲ್ಲಿ ಬೇಳೆಯ ಸೋಂಕೇ ಇಲ್ಲ. ಒಂದು ಕಿಲೋ ಕೋಳಿಗೆ 12ರಿಂದ 15 ಬ್ಯಾಡಗಿ ಮೆಣಸಿನಕಾಯಿ, ಎರಡು ದೊಡ್ಡ ಚಮಚ ಕೊತ್ತಂಬರಿ, ಒಂದು ಚಮಚ ಜೀರಿಗೆ, ಒಂದು ಚಮಚ ಕಾಳುಮೆಣಸು, ಕಾಲು ಚಮಚ ಮೆಂತ್ಯಗಳನ್ನು ಕೊಬ್ಬರಿ ಎಣ್ಣೆಯಲ್ಲಿ ಹುರಿದು, ಆರು ಎಸಳು ಬೆಳ್ಳುಳ್ಳಿ, ಗೋಲಿ ಗಾತ್ರದ ಹುಣಸೆಹಣ್ಣು, ಅರ್ಧ ಕಾಯಿಯ ತುರಿಯ ಜೊತೆ ನುಣ್ಣಗೆ ರುಬ್ಬಿ. ಉಳಿದರ್ಧ ಕಾಯಿಯಿಂದ ಹಾಲು ತೆಗೆದಿಡಿ. ಈರುಳ್ಳಿ ಬಾಡಿಸಿ, ಕೋಳಿ ಹಾಕಿ, ಅದರ ನೀರು ಬಿಟ್ಟುಕೊಂಡು ಅರೆಬೆಂದ ಮೇಲೆ ಮಸಾಲೆ ಸೇರಿಸಿ, ಕೊನೆಯಲ್ಲಿ ಕಾಯಿಹಾಲು ಹುಯ್ದು ಒಂದು ಕುದಿ ಬಂದೊಡನೆ ಇಳಿಸಬೇಕು. ಮನೆಯವರಿಗೆ ರೊಟ್ಟಿಯೋ ನೀರುದೋಸೆಯೋ, ಪ್ಯಾಲಿಯೋದವರಿಗೆ ಬೇಯಿಸಿದ ಜೀಗುಜ್ಜೆಯೋ ಸುವರ್ಣಗೆಡ್ಡೆಯೋ ಜೊತೆಯಾಗುತ್ತದೆ. ಬಂಗುಡೆ ಪುಳಿಮುಂಚಿಗೂ ಇದೇ ಮಾತು. ಕೊಡಗಿನ ಪಂದಿಕರಿಯಲ್ಲಿ ಕಾಚಂಪುಳಿ, ಕಾಳುಮೆಣಸು, ಕೊತ್ತಂಬರಿ, ಜೀರಿಗೆಗಳೇ ಜೀವಾಳವಾದ್ದರಿಂದ ಜೊತೆಗಿನ ಅಕ್ಕಿತರಿಯ ಉಂಡೆಯಾದ ಕಡಂಬುಟ್ಟನ್ನು ಬಿಟ್ಟರೆ ಸಾಕಾಗುತ್ತದೆ.

ಮೈಸೂರು ಮಂಡ್ಯ ಕಡೆಯ ಮಟನ್ ಸಾರಿನಲ್ಲಿ ಮಾತ್ರ ಎಚ್ಚರ ಬೇಕು. ಸಾರು ಮಂದವಾಗಲೆಂದು ಮಸಾಲೆಗೆ ಹುರಿಗಡಲೆ ಹಾಕುವುದು ಇಲ್ಲಿನ ಪದ್ಧತಿ. ಅದರ ಬದಲು ಕಂದುಬಣ್ಣ ಬರುವವರೆಗೆ ಹುರಿದ ಎರಡು ಈರುಳ್ಳಿ, ಒಂದು ಚಮಚ ಗಸಗಸೆ, ಕಾಲು ಹೋಳು ಕಾಯಿ ರುಬ್ಬಿದರೆ ಬಾಯಿಗೆ ವ್ಯತ್ಯಾಸ ತಿಳಿಯುವುದಿಲ್ಲ.

ಖೈಮಾ ಉಂಡೆ ನನ್ನನ್ನು ಬಹಳ ಕಾಡಿಸಿತು. ಹುರಿಗಡಲೆ ಹಿಟ್ಟಿಲ್ಲದೆ ಕಟ್ಟಿದ ಉಂಡೆಗಳನ್ನು ಮೊದಲ ಸಲ ಕುದಿಯುವ ಸಾರಿಗೆ ಬಿಟ್ಟಾಗ ಐದು ನಿಮಿಷದಲ್ಲಿ ಎಲ್ಲವೂ ಒಡೆದು ಸಾರಿನೊಳಗೆ ಕರಗಿಹೋದವು. ಪಕ್ಕದಲ್ಲಿ ಬೆಳ್ಳುಳ್ಳಿ ಬಿಡಿಸುತ್ತಿದ್ದ ಅತ್ತೆಯವರು ಎದ್ದು ಬಂದು ಪಾತ್ರೆಯೊಳಗೆ ನೋಡಿ, "ಕಡ್ಲೆ ಬೇಡ ಅಂದ್ರೆ ಬಿಡು, ಕಾಯ್ತುರಿನ ನೀರಿಲ್ದಂಗೆ ರುಬ್ಬಿ ಹಾಕು, ಮೊಟ್ಟೆ ಒಡೆದು ಹಾಕು. ಉಂಡೆ ಬಿಟ್ಟ ಮೇಲೆ ಸೌಟು ಆಡಿಸ್ಬೇಡಮ್ಮ" ಎಂದರು. ಅಂದಿನಿಂದ ಅದೇ ಕ್ರಮ. ಅರ್ಧ ಕಿಲೋ ಖೈಮಾಕ್ಕೆ ಒಂದು ಮೊಟ್ಟೆ, ನೀರು ಸೋಕಿಸದೆ ರುಬ್ಬಿದ ಮೂರು ಚಮಚ ಕಾಯಿತುರಿ, ಶುಂಠಿ, ಬೆಳ್ಳುಳ್ಳಿ, ಹಸಿಮೆಣಸಿನಕಾಯಿ, ಕೊತ್ತಂಬರಿ ಸೊಪ್ಪು ಮತ್ತು ಉಪ್ಪು ಸೇರಿಸಿ ಚೆನ್ನಾಗಿ ನಾದಿ, ಉಂಡೆ ಕಟ್ಟಿ ಅರ್ಧ ಗಂಟೆ ಫ್ರಿಜ್ಜಿನಲ್ಲಿಡಬೇಕು. ಸಾರು ಕುದಿಯುವಾಗ ಒಂದೊಂದಾಗಿ ಪಾತ್ರೆಯ ಅಂಚಿನಿಂದ ಬಿಟ್ಟು, ಉರಿ ತಗ್ಗಿಸಿ, ಹತ್ತು ನಿಮಿಷ ಸೌಟು ಹಾಕದೆ ಪಾತ್ರೆಯನ್ನಷ್ಟೇ ಮೆಲ್ಲಗೆ ಅಲುಗಿಸಬೇಕು. ಉಂಡೆಯ ಹೊರಮೈ ಗಟ್ಟಿಯಾದ ಮೇಲೆ ಭಯವಿಲ್ಲ.

ನಾಲ್ಕನೆಯ ಹಂತ: ಅನ್ನ ಮುದ್ದೆಯ ಜಾಗಕ್ಕೆ ಏನು

ಹೂಕೋಸಿನ ಅನ್ನ ಎಲ್ಲರಿಗೂ ಮೊದಲು ಹೊಳೆಯುವುದು, ಎಲ್ಲರೂ ಮೊದಲು ಕೆಡಿಸುವುದೂ ಅದನ್ನೇ. ಹೂಕೋಸನ್ನು ಬಿಡಿಸಿ, ಹುಳು ಹೋಗಲೆಂದು ಅರಿಸಿನ ಉಪ್ಪು ಹಾಕಿದ ಬಿಸಿನೀರಿನಲ್ಲಿ ಐದು ನಿಮಿಷ ಮುಳುಗಿಸಿ, ಆಮೇಲೆ ಬಟ್ಟೆಯ ಮೇಲೆ ಹರಡಿ ಪೂರ್ತಿ ಒಣಗಿಸಬೇಕು. ನೀರು ಹೀರಿದ ಹೂಕೋಸನ್ನು ಹಾಗೆಯೇ ತುರಿದರೆ ಅದು ಮುದ್ದೆಯಾಗುತ್ತದೆ. ರಾತ್ರಿಯೇ ತೊಳೆದು ಒಣಗಿಸಿಟ್ಟರೆ ಬೆಳಿಗ್ಗೆ ಅನುಕೂಲ. ತುರಿಮಣೆಯ ದೊಡ್ಡ ಕಣ್ಣಿನಲ್ಲಿ ತುರಿದು, ಅಗಲವಾದ ಬಾಣಲೆಯಲ್ಲಿ ಒಂದು ಚಮಚ ಕೊಬ್ಬರಿ ಎಣ್ಣೆ ಕಾಯಿಸಿ, ದೊಡ್ಡ ಉರಿಯಲ್ಲಿ ನಾಲ್ಕೈದು ನಿಮಿಷ ಮಾತ್ರ ಕೈಯಾಡಿಸಿ. ಮುಚ್ಚಳ ಮುಚ್ಚಬೇಡಿ, ನೀರು ಚಿಮುಕಿಸಬೇಡಿ, ಉಪ್ಪನ್ನು ಇಳಿಸುವಾಗ ಹಾಕಿ, ಮೊದಲೇ ಹಾಕಿದರೆ ನೀರು ಬಿಟ್ಟುಕೊಳ್ಳುತ್ತದೆ. ಮಧ್ಯಮ ಗಾತ್ರದ ಒಂದು ಹೂವು ಇಬ್ಬರಿಗೆ ಸಾಲುತ್ತದೆ. ಇದೇ ತುರಿಗೆ ನಿಂಬೆಹುಳಿ, ಅರಿಸಿನ, ಗೋಡಂಬಿ ಸೇರಿಸಿದರೆ ಚಿತ್ರಾನ್ನದ ರುಚಿ ಬರುತ್ತದೆ.

ಆದರೆ ದಿನವೂ ಹೂಕೋಸು ತಿಂದರೆ ಬೇಸರವೂ ಹೊಟ್ಟೆ ಉಬ್ಬರವೂ ಖಂಡಿತ. ನಮ್ಮ ಗೆಡ್ಡೆಗೆಣಸುಗಳನ್ನು ಮರೆಯಬಾರದು. ಸುವರ್ಣಗೆಡ್ಡೆಯನ್ನು ಕೈಗೆ ಎಣ್ಣೆ ಸವರಿಕೊಂಡು ಹೆಚ್ಚಿ, ಹುಣಸೆಹಣ್ಣಿನ ನೀರಿನಲ್ಲಿ ಬೇಯಿಸಿ ಬಸಿದರೆ ನವೆ ಹೋಗುತ್ತದೆ; ಬಳಿಕ ಮೆಣಸಿನಪುಡಿ ಉಪ್ಪು ಸವರಿ ಹಂಚಿನ ಮೇಲೆ ಕೆಂಪಗೆ ಸುಟ್ಟರೆ ಮಕ್ಕಳು ಮೀನಿನ ತುಂಡೆಂದೇ ತಿನ್ನುತ್ತಾರೆ. ಮರಗೆಣಸನ್ನು ಸಿಪ್ಪೆ ತೆಗೆದು, ಹೆಚ್ಚಿ, ತೆರೆದ ಪಾತ್ರೆಯಲ್ಲಿ ಧಾರಾಳ ನೀರಿನಲ್ಲಿ ಬೇಯಿಸಿ ಆ ನೀರನ್ನು ಚೆಲ್ಲಲೇಬೇಕು, ಹಸಿಯದರಲ್ಲಿ ಸಯನೈಡ್ ಹುಟ್ಟಿಸುವ ಅಂಶವಿದೆ. ಮಳೆಗಾಲದಲ್ಲಿ ಮಲೆನಾಡಿನವರಿಗೆ ಸಿಗುವ ಕಳಲೆಯನ್ನೂ ಇದೇ ಕಾರಣಕ್ಕೆ ದಿನಕ್ಕೊಮ್ಮೆ ನೀರು ಬದಲಿಸುತ್ತ ಎರಡು ಮೂರು ದಿನ ನೆನೆಸಿ, ಬೇಯಿಸಿ, ಆ ನೀರನ್ನು ಚೆಲ್ಲಿ ಬಳಸುತ್ತಾರೆ. ಬಾಳೆಕಾಯಿ, ಬಾಳೆದಿಂಡು, ಎಳೆ ಹಲಸಿನ ಗುಜ್ಜೆ, ಕೆಸುವಿನ ಗೆಡ್ಡೆ, ಸಿಹಿಗೆಣಸು ಎಲ್ಲವೂ ಆಯಾ ಕಾಲಕ್ಕೆ ಕೈಗೆಟಕುತ್ತವೆ.

ತೂಕ ಅಥವಾ ಸಕ್ಕರೆ ಇಳಿಸಲೆಂದು ಈ ಪದ್ಧತಿ ಹಿಡಿದವರು ಗೆಣಸಿನ ಅಳತೆ ಮರೆಯಬಾರದು. ನೂರು ಗ್ರಾಂ ಅನ್ನದಲ್ಲಿ ಸುಮಾರು 28 ಗ್ರಾಂ ಪಿಷ್ಟವಿದ್ದರೆ ನೂರು ಗ್ರಾಂ ಸಿಹಿಗೆಣಸಿನಲ್ಲಿ ಸುಮಾರು 20 ಗ್ರಾಂ ಇದೆ. ಅನ್ನ ಬಿಟ್ಟೆನೆಂದು ಎರಡು ದೊಡ್ಡ ಗೆಣಸು ತಿಂದರೆ ಲೆಕ್ಕ ಅಲ್ಲಿಗಲ್ಲಿಗೇ ಸರಿಹೋಗುತ್ತದೆ. ಒಂದು ಊಟಕ್ಕೆ ಮುಷ್ಟಿ ಗಾತ್ರದ ಗೆಡ್ಡೆ, ಅಂಗೈಯಷ್ಟು ಮಾಂಸ ಅಥವಾ ಮೀನು, ಉಳಿದ ಅರ್ಧ ತಟ್ಟೆ ಸೊಪ್ಪು ತರಕಾರಿ ಎಂಬ ಅಳತೆ ನಮ್ಮಲ್ಲಿ ನಿಂತಿದೆ.

ಬೆಳಗಿನ ತಿಂಡಿ ಎಂಬ ಕಷ್ಟ

ನಿಜವಾಗಿ ಕಷ್ಟ ಕೊಡುವುದು ತಿಂಡಿ. ಇಡ್ಲಿ, ದೋಸೆ, ಉಪ್ಪಿಟ್ಟು, ಅವಲಕ್ಕಿ, ಅಕ್ಕಿರೊಟ್ಟಿ, ಎಲ್ಲವೂ ಧಾನ್ಯವೇ. ಪ್ಯಾಲಿಯೋ ದೋಸೆ, ಪ್ಯಾಲಿಯೋ ಇಡ್ಲಿಯೆಂದು ಬಾದಾಮಿ ಹಿಟ್ಟಿನಲ್ಲಿ ಮಾಡುವ ನಕಲುಗಳ ಹಿಂದೆ ನಾನು ಮೊದಮೊದಲು ಓಡಿದೆ. ಖರ್ಚು ವಿಪರೀತ, ದೋಸೆಯಂತೂ ಹಂಚಿನಿಂದ ಏಳಲೊಲ್ಲದು. ಈಗ ಬೆಳಿಗ್ಗೆಯೂ ಊಟವನ್ನೇ ಮಾಡಬಹುದು ಎಂಬ ತೀರ್ಮಾನಕ್ಕೆ ಬಂದಿದ್ದೇವೆ. ರಾತ್ರಿಯ ಸಾರು ಒಂದು ಸೌಟು, ಎರಡು ಬೇಯಿಸಿದ ಮೊಟ್ಟೆ, ಒಂದು ತುಂಡು ಪರಂಗಿಹಣ್ಣು. ಇನ್ನು ಕೆಲವು ದಿನ ಮೆಂತ್ಯಸೊಪ್ಪು ಅಥವಾ ನುಗ್ಗೆಸೊಪ್ಪನ್ನು ಈರುಳ್ಳಿಯ ಜೊತೆ ಬಾಡಿಸಿ, ಮೂರು ಮೊಟ್ಟೆ ಒಡೆದು ಹಾಕಿ ಉದುರುದುರಾಗಿ ಮಾಡಿದ ಪಲ್ಯ. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಪ್ರೋಟೀನು ಇರುವುದರಿಂದ ಇಷ್ಟು ತಿಂದವರಿಗೆ ಮಧ್ಯಾಹ್ನದವರೆಗೆ ಹಸಿವಾಗುವುದಿಲ್ಲ. ಅದೇ ಪಲ್ಯವನ್ನು ಮಕ್ಕಳ ದೋಸೆಯೊಳಗೆ ಮಡಚಿ ಶಾಲೆಯ ಡಬ್ಬಿಗೂ ಹಾಕಬಹುದು. ಕಾಫಿ ಬಿಡಲಾರದವರು ಹಾಲಿಲ್ಲದ ಕಷಾಯದಂಥ ಕಾಫಿಗೆ ಹತ್ತು ದಿನದಲ್ಲಿ ಒಗ್ಗಿಕೊಳ್ಳುತ್ತಾರೆ. ತೆಳುವಾದ ಕಾಯಿಹಾಲು ಹಾಕಿ ಕುಡಿಯುವವರೂ ಇದ್ದಾರೆ, ನನಗೆ ಅದು ರುಚಿಸಲಿಲ್ಲ.

ಕ್ಯಾಲ್ಸಿಯಂ ಲೆಕ್ಕ

ರಾಗಿ ಮತ್ತು ಹಾಲು ಎರಡನ್ನೂ ಬಿಟ್ಟವರು ಇದನ್ನು ನಿರ್ಲಕ್ಷಿಸುವಂತಿಲ್ಲ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ, ಒಂದು ಲೋಟ ಹಾಲಿನಲ್ಲಿ ಸುಮಾರು 240 ಮಿಲಿಗ್ರಾಂ ಕ್ಯಾಲ್ಸಿಯಂ ಇರುತ್ತದೆ. ವಯಸ್ಕರಿಗೆ ದಿನಕ್ಕೆ 1000 ಮಿಲಿಗ್ರಾಂ ಬೇಕೆಂದು ನಮ್ಮ ದೇಶದ ಪೋಷಣಾ ಶಿಫಾರಸು ಹೇಳುತ್ತದೆ. ಆ ಕೊರತೆಯನ್ನು ತುಂಬಲು ನಾನು ನಂಬಿರುವುದು ಭೂತಾಯಿ ಮೀನು, ನುಗ್ಗೆಸೊಪ್ಪು ಮತ್ತು ಎಳ್ಳನ್ನು. ಭೂತಾಯಿಯನ್ನು ಹುಣಸೆಹುಳಿ ಹಾಕಿ ಕುಕ್ಕರಿನಲ್ಲಿ ಸಣ್ಣ ಉರಿಯಲ್ಲಿ ಇಪ್ಪತ್ತು ನಿಮಿಷ ಬೇಯಿಸಿದರೆ ಮುಳ್ಳು ಮೆತ್ತಗಾಗಿ ಅಗಿದು ನುಂಗುವಂತಾಗುತ್ತದೆ. ಕ್ಯಾಲ್ಸಿಯಂ ಇರುವುದು ಆ ಮುಳ್ಳಿನಲ್ಲೇ. ನೂರು ಗ್ರಾಂ ನುಗ್ಗೆಸೊಪ್ಪಿನಲ್ಲಿ 300 ಮಿಲಿಗ್ರಾಂ ಮೀರಿ ಇದೆ. ಪಾಲಕ್, ದಂಟಿನಸೊಪ್ಪುಗಳಲ್ಲಿ ಆಕ್ಸಲೇಟ್ ಇರುವುದರಿಂದ ಅವುಗಳ ಕ್ಯಾಲ್ಸಿಯಂ ಮೈಗೆ ಹತ್ತುವುದು ಕಡಿಮೆ. ಕಾಲ್ ಸೂಪಿನಿಂದ ಬಹಳ ಕ್ಯಾಲ್ಸಿಯಂ ಸಿಗುತ್ತದೆಂದು ಹೇಳುವುದುಂಟು, ಆದರೆ ಮೂಳೆಯಿಂದ ನೀರಿಗಿಳಿಯುವ ಕ್ಯಾಲ್ಸಿಯಂ ಅಲ್ಪ. ಸೂಪನ್ನು ರುಚಿಗೆ ಕುಡಿಯಿರಿ. ಇಷ್ಟರಲ್ಲೂ ಪೂರೈಸದೆಂದು ಅನ್ನಿಸಿದರೆ ಮೊಸರನ್ನು ಮರಳಿ ತನ್ನಿ. ನಮ್ಮ ಯಜಮಾನರು ಒಂದು ವರ್ಷದ ನಂತರ ಮಧ್ಯಾಹ್ನಕ್ಕೆ ಒಂದು ಬಟ್ಟಲು ಮೊಸರು ಉಣ್ಣತೊಡಗಿದರು, ಅದರಿಂದ ಯಾವ ತೊಂದರೆಯೂ ಆಗಿಲ್ಲ.

ಕೊಳ್ಳುವುದು, ಇಡುವುದು

ವಾರಕ್ಕೊಮ್ಮೆ ಮೂಳೆಸಹಿತ ಕೋಳಿ, ಹದಿನೈದು ದಿನಕ್ಕೊಮ್ಮೆ ಮಟನ್, ಉಳಿದಂತೆ ಮೀನು ಮೊಟ್ಟೆ ಎಂಬ ಲೆಕ್ಕ ಮಧ್ಯಮ ವರ್ಗದ ಮನೆಗೆ ಹೊರೆಯಾಗುವುದಿಲ್ಲ. ಅಂಜಲ್, ಮಾಂಜಿಗಳ ಹಿಂದೆ ಬೀಳಬೇಕಾಗಿಲ್ಲ. ಬಂಗುಡೆ, ಭೂತಾಯಿಗಳಲ್ಲಿ ಒಮೆಗಾ 3 ಕೊಬ್ಬು ಚೆನ್ನಾಗಿದ್ದು ಬೆಲೆಯೂ ಕೈಗೆಟಕುತ್ತದೆ. ನಮ್ಮ ಕರಾವಳಿಯಲ್ಲಿ ಪ್ರತಿವರ್ಷ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುತ್ತದೆ. ಆ ಎರಡು ತಿಂಗಳು ಸಮುದ್ರದ ಮೀನು ದುಬಾರಿಯಾಗುವುದರಿಂದ ಕೆರೆಮೀನು, ಒಣಮೀನು, ಮೊಟ್ಟೆಗಳನ್ನು ನೆಚ್ಚಿಕೊಳ್ಳುವುದು ಜಾಣತನ. ಒಣಮೀನನ್ನು ಬಿಸಿನೀರಿನಲ್ಲಿ ನೆನೆಸಿ ಉಪ್ಪು ತೆಗೆಯಬೇಕು.

ಹಸಿ ಮಾಂಸವನ್ನು ಮನೆಗೆ ತಂದೊಡನೆ ಒಂದೊಂದು ಹೊತ್ತಿಗೆ ಬೇಕಾಗುವಷ್ಟು ಭಾಗ ಮಾಡಿ ಫ್ರೀಜರಿನಲ್ಲಿಡಿ. ಕರಗಿಸುವುದನ್ನು ಹಿಂದಿನ ರಾತ್ರಿ ಫ್ರಿಜ್ಜಿನ ಕೆಳಗಿನ ಅಂತಸ್ತಿನಲ್ಲಿ ಮಾಡಿ, ಅಡುಗೆಕಟ್ಟೆಯ ಮೇಲೆ ಬೇಡ. ಬೆಂದ ಸಾರನ್ನು ಎರಡು ಗಂಟೆಯೊಳಗೆ ಫ್ರಿಜ್ಜಿಗೆ ಸೇರಿಸಿ, ಮರುದಿನ ಕೊತಕೊತ ಕುದಿಸಿಯೇ ಬಡಿಸಿ.

ಶ್ರಾವಣ, ಸೋಮವಾರ, ಹಬ್ಬ

ಸೋಮವಾರ ಶನಿವಾರ ಮಾಂಸ ಮಾಡದ, ಶ್ರಾವಣದ ತಿಂಗಳಿಡೀ ಮೊಟ್ಟೆಯನ್ನೂ ಮುಟ್ಟದ ಮನೆಗಳು ನಮ್ಮಲ್ಲಿ ಬಹಳ. ನಮ್ಮ ಮನೆಯೂ ಅಂಥದೇ, ಅತ್ತೆಯವರ ಈ ನಿಯಮವನ್ನು ಮುರಿಯುವ ಮಾತೇ ಬರಲಿಲ್ಲ. ವಾರದ ಎರಡು ದಿನವನ್ನು ಅಣಬೆಯ ಗಸಿ, ಗುಜ್ಜೆ ಪಲ್ಯ, ಬಾಳೆಕಾಯಿ, ಕಾಯಿಹಾಲು ಹಾಕಿದ ತರಕಾರಿ ಸಾಗು, ನೆನೆಸಿದ ಒಂದು ಹಿಡಿ ಬಾದಾಮಿಯಲ್ಲಿ ಸುಲಭವಾಗಿ ದಾಟಿಸಬಹುದು. ಶ್ರಾವಣದ ತಿಂಗಳಲ್ಲಿ ಮಾತ್ರ ಹೀಗೆ ಮೂವತ್ತು ದಿನ ನಡೆಸಿದರೆ ಪ್ರೋಟೀನು ಸಾಲದು. ಆ ತಿಂಗಳು ಯಜಮಾನರು ಎಲ್ಲರಂತೆ ಹೆಸರುಬೇಳೆಯ ತೊವ್ವೆ, ಮೊಳಕೆಕಾಳಿನ ಉಸಲಿ, ಮೊಸರು ತಿನ್ನುತ್ತಾರೆ, ಅನ್ನವನ್ನು ಮಾತ್ರ ಕಡಿಮೆ ಉಣ್ಣುತ್ತಾರೆ.

ಯುಗಾದಿಯ ಒಬ್ಬಟ್ಟನ್ನು ಬೇಡವೆಂದು ಎಲೆಯಿಂದ ಎತ್ತಿಡುವುದನ್ನು ನಾನು ಒಪ್ಪುವುದಿಲ್ಲ. ಮಾಡಿದವರ ಕೈ ನೋಯಿಸುವಷ್ಟು ಯಾವ ಪಥ್ಯವೂ ದೊಡ್ಡದಲ್ಲ, ಒಂದು ಒಬ್ಬಟ್ಟು ತುಪ್ಪದೊಡನೆ ತಿಂದು ಮರುಹೊತ್ತಿನಿಂದ ತಮ್ಮ ಊಟಕ್ಕೆ ಮರಳಲಿ. ನೆಂಟರ ಮನೆಗೆ ಹೋಗುವಾಗ ಮುಂಚಿತವಾಗಿ ಫೋನು ಮಾಡಿ ವಿಶೇಷ ಅಡುಗೆ ಕೇಳುವ ಬದಲು, ಬಡಿಸುವಾಗ ಪಲ್ಯ, ಕೋಸಂಬರಿಯ ಸೌತೆಕಾಯಿ, ಗೊಜ್ಜು, ಮಾಂಸದ ತುಂಡುಗಳನ್ನು ಹೆಚ್ಚು ಹಾಕಿಸಿಕೊಂಡು ಅನ್ನಕ್ಕೆ ಕೈ ಅಡ್ಡ ಹಿಡಿದರೆ ಯಾರಿಗೂ ಬೇಸರವಾಗುವುದಿಲ್ಲ.

ನಾಳೆಯೇ ಆರಂಭಿಸುವವರು ಮೊದಲ ವಾರ ರಾತ್ರಿಯ ಊಟವೊಂದನ್ನು ಮಾತ್ರ ಬದಲಿಸಿ. ಎರಡನೆಯ ವಾರ ಮಧ್ಯಾಹ್ನದ್ದು, ಮೂರನೆಯ ವಾರ ತಿಂಡಿ. ಮೊದಲ ವಾರದಲ್ಲಿ ತಲೆನೋವು, ಸುಸ್ತು, ಮಲಬದ್ಧತೆ ಕಾಣಿಸಬಹುದು. ನೀರು ಹೆಚ್ಚು ಕುಡಿದು, ಬಾಳೆದಿಂಡು, ಸೊಪ್ಪು, ಸೀಬೆಹಣ್ಣು ಸೇರಿಸಿದರೆ ಸಾಮಾನ್ಯವಾಗಿ ಕೆಲವು ದಿನಗಳಲ್ಲಿ ಇಳಿಯುತ್ತವೆ, ಇಳಿಯದಿದ್ದರೆ ವೈದ್ಯರನ್ನು ಕಾಣಿ. ಮೊದಲ ರಾತ್ರಿಗೆ ಮಟನ್ ಸಾರನ್ನೇ ಮಾಡಿ: ಅತ್ತೆ ಮಾವನವರಿಗೆ ಮುದ್ದೆ ಕಟ್ಟಿ, ಮಕ್ಕಳಿಗೆ ಅನ್ನ ಬಡಿಸಿ, ಅದೇ ಸಾರನ್ನು ಮೂರನೆಯ ತಟ್ಟೆಯಲ್ಲಿ ಸುಟ್ಟ ಸುವರ್ಣಗೆಡ್ಡೆಯ ಮೇಲೆ ಹುಯ್ಯಿರಿ.